ಬಿಟ್ಟುಕೊಟ್ಟ ಗುಳಿಗೆ

ವಾರ್ಡಿನಿಂದ ಫೋನ್ ಬಂದಾಗ ನಾನು ಔಷಧಿ ಕೋಣೆಯಲ್ಲಿ ಫ್ರಿಜ್ಜಿನ ಉಷ್ಣತೆ ನೋಡುತ್ತಿದ್ದೆ. "ನಿಮ್ಮ ಟ್ರಯಲ್ ಪೇಶೆಂಟು ಅದಾರಲ್ರಿ, ಕೂಡ್ಲಿಗಿ ಟೀಚರು, ಜ್ವರ, ಕಾಮಾಲಿ ಅಂತ ಬಂದಾರ. ಬಿಳಿ ರಕ್ತಕಣ ಪೂರ್ತಿ ಇಳಿದುಬಿಟ್ಟಾವು" ಎಂದರು ಡ್ಯೂಟಿ ಡಾಕ್ಟರು. ಟೀಚರು ಯಾವ ಗುಂಪಿನವರೆಂದು ಕಂಪ್ಯೂಟರಿನಲ್ಲಿ ನೋಡಿದೆ. ನಾವು ಪರೀಕ್ಷಿಸುತ್ತಿದ್ದ ಹೊಸ ಗುಳಿಗೆ ಸಿಗದ ಗುಂಪು. ನನಗೆ ತಲೆಬುಡ ಅರ್ಥವಾಗಲಿಲ್ಲ. ಬಿಳಿ ಕಣ ಇಳಿಯುವುದು, ಲಿವರ್ ಕೆಡುವುದು, ಎರಡೂ ಆ ಹೊಸ ಗುಳಿಗೆಯಿಂದ ಬರಬಹುದಾದ ತೊಂದರೆಗಳು. ಗುಳಿಗೆಯನ್ನೇ ನುಂಗದ ಹೆಂಗಸಿಗೆ ಅವು ಬಂದದ್ದು ಹೇಗೆ?

ಮೊದಲು ನನ್ನ ಆಫೀಸಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಕ್ಯಾನ್ಸರ್ ಆಸ್ಪತ್ರೆ ಕೂಡ್ಲಿಗಿಯ ಹೊರಗೆ, ಹೆದ್ದಾರಿಯ ಪಕ್ಕದಲ್ಲಿದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ವಾರಕ್ಕೊಮ್ಮೆ ನಮ್ಮ ವ್ಯಾನು ಹೋಗಿ ಬರುತ್ತದೆ. ಹೊಸ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಟ್ರಯಲ್‌ಗಳನ್ನು ಹಿಂದೆ ಇಲ್ಲಿ ಒಬ್ಬೊಬ್ಬ ಡಾಕ್ಟರೂ ತಮ್ಮ ಮರ್ಜಿಯಂತೆ ನಡೆಸುತ್ತಿದ್ದರು. ಔಷಧಿ ಒಬ್ಬರ ಡ್ರಾಯರಿನಲ್ಲಿ, ಒಪ್ಪಿಗೆ ಪತ್ರ ಇನ್ನೊಬ್ಬರ ಕಾರಿನ ಡಿಕ್ಕಿಯಲ್ಲಿ. ಆಡಳಿತದವರು ಬೇಸತ್ತು ಎಲ್ಲಕ್ಕೂ ಒಂದೇ ಆಫೀಸು ಮಾಡಿ ನನ್ನನ್ನು ತಂದು ಕೂರಿಸಿದರು. ರೋಗಿಯನ್ನು ಸೇರಿಸುವುದು, ಒಪ್ಪಿಗೆ ಪಡೆಯುವುದು, ಔಷಧಿ ಕೊಡುವುದು, ತೊಂದರೆಯಾದರೆ ವರದಿ ಮಾಡುವುದು, ಎಲ್ಲವೂ ನನ್ನ ಬಾಗಿಲಿನಿಂದಲೇ ಆಗಬೇಕು. "ಹರಪನಹಳ್ಳಿ ಹೆಣ್ಣುಮಗಳು ನಮಗೆಲ್ಲ ಪೊಲೀಸ್ ಆಗ್ಯಾಳ" ಎಂದು ಡಾಕ್ಟರುಗಳು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ನನಗೇನೂ ಬೇಜಾರಿರಲಿಲ್ಲ. ನನ್ನ ಬಾಯಿಯೂ ಸ್ವಲ್ಪ ಜೋರೇ.

ಔಷಧಿ ಕಪಾಟಿಗೆ ಇದ್ದದ್ದು ಎರಡು ಕೀಲಿ. ಒಂದು ನನ್ನ ಹತ್ತಿರ, ಇನ್ನೊಂದು ನಮ್ಮ ಸಿಸ್ಟರ್ ಹತ್ತಿರ. ಹಡಗಲಿಯವಳು. ಜನರಲ್ ವಾರ್ಡಿನಲ್ಲಿ ಇಂಜೆಕ್ಷನ್ ಚುಚ್ಚಿಕೊಂಡು ಇದ್ದವಳನ್ನು ಆಡಳಿತದವರ ಜೊತೆ ಜಗಳ ಆಡಿ ನಾನೇ ಕರೆತಂದಿದ್ದೆ. ಕೆಲಸವನ್ನು ಕೈಹಿಡಿದು ಕಲಿಸಿದೆ. ನನ್ನನ್ನು ಮೇಡಂ ಎನ್ನದೆ ಅಕ್ಕಾ ಎನ್ನುತ್ತಿದ್ದಳು. ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ, ಅವಳ ಡಬ್ಬಿಯ ಜೋಳದ ರೊಟ್ಟಿ ನನಗೆ. ಒಡಹುಟ್ಟಿದವರ ಮೇಲೂ ನಾನು ಅಷ್ಟು ನಂಬಿಕೆ ಇಟ್ಟಿರಲಿಲ್ಲ.

ಈ ಟ್ರಯಲ್ ಸ್ತನ ಕ್ಯಾನ್ಸರಿಗೆ ಆಪರೇಷನ್ನು, ಕಿಮೋ ಮುಗಿಸಿದ ಹೆಂಗಸರದ್ದು. ರೋಗ ಮರುಕಳಿಸದಂತೆ ಎಲ್ಲರಿಗೂ ಒಂದು ಹಳೆಯ ಗುಳಿಗೆ ಇದ್ದೇ ಇರುತ್ತದೆ. ಅದರ ಜೊತೆ ಅರ್ಧ ಜನರಿಗೆ ಮಾತ್ರ ಹೊಸದೊಂದು. ಮೂರು ವಾರ ನುಂಗಬೇಕು, ಒಂದು ವಾರ ಬಿಡಬೇಕು, ನಡುನಡುವೆ ತಪ್ಪದೆ ರಕ್ತ ಪರೀಕ್ಷೆ. ಹೊಸದು ಯಾರಿಗೆ ಎನ್ನುವುದನ್ನು ಕಂಪ್ಯೂಟರು ಆರಿಸುತ್ತದೆ. ನಾನಲ್ಲ, ಡಾಕ್ಟರಲ್ಲ.

ಈ ಮಾತನ್ನು ಜನರಿಗೆ ತಿಳಿಸುವುದೇ ದೊಡ್ಡ ಪಾಡು. "ಕಂಪ್ಯೂಟರ್‌ಗೆ ನಮ್ಮ ಮ್ಯಾಲ ಏನ್ ಸಿಟ್ಟರಿ?" ಎಂದು ಕೇಳುತ್ತಿದ್ದರು. ಒಂದು ದಿನ ಸಿಸ್ಟರ್ ತನ್ನದೇ ರೀತಿಯಲ್ಲಿ ಹೇಳಿದಳು: "ನಿಮ್ಮ ಓಣ್ಯಾಗ ಚೀಟಿ ಹಾಕ್ತೀರಲ್ರಿ, ಎಲ್ಲಾರ ಹೆಸರು ಬರದು ಡಬ್ಬಿಗೆ ಹಾಕಿ ಒಂದು ಎತ್ತತೀರಿ, ಹಂಗ ಇದು. ಯಾರ ಹೆಸರು ಬಂತೋ ಅವರಿಗೆ." ಎದುರಿಗಿದ್ದ ಹೆಂಗಸಿನ ಮುಖ ಆ ಕ್ಷಣವೇ ಅರಳಿತು. ಟ್ರಯಲ್‌ನ ಮುಖ್ಯ ಡಾಕ್ಟರಿಗಂತೂ ಈ ವಿವರಣೆ ಎಷ್ಟು ಹಿಡಿಸಿತೆಂದರೆ ತಾವೇ ಕುಳಿತು ಹೇಳತೊಡಗಿದರು. ಔಷಧಿ ಕಂಪನಿಯಿಂದ ತಪಾಸಣೆಗೆ ಬಂದವರ ಮುಂದೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದರು.

ಟೀಚರಿಗೆ ಚೀಟಿ ಬರಲಿಲ್ಲ. ಕೂಡ್ಲಿಗಿಯ ಪ್ರೈಮರಿ ಶಾಲೆಯವರು, ತಮ್ಮ ಮನೆತನದಲ್ಲಿ ಮೊದಲು ಸಂಬಳದ ನೌಕರಿ ಹಿಡಿದವರು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಅದೇ ದಿನ ಸೇರಿದ ಉಜ್ಜಿನಿಯ ಅಮ್ಮನಿಗೆ ಬಂತು. ಆ ಅಮ್ಮ ದೇವಸ್ಥಾನದ ಹಾದಿಯಲ್ಲಿ ಕಾಯಿ, ಕರ್ಪೂರದ ಅಂಗಡಿ ಇಟ್ಟುಕೊಂಡ ವಿಧವೆ. ಇಬ್ಬರೂ ಕಿಮೋ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರು. ಒಬ್ಬರ ಹಣೆಯಲ್ಲಿ ವಿಭೂತಿ, ಇನ್ನೊಬ್ಬರ ಕೊರಳಲ್ಲಿ ಬುದ್ಧನ ಲಾಕೆಟ್ಟು. ಕೂದಲು ಉದುರಿದ ತಲೆಗಳನ್ನು ಒಬ್ಬರಿಗೊಬ್ಬರು ಸವರಿ ನಗುತ್ತಿದ್ದರು. ಉಜ್ಜಿನಿಯ ಅಮ್ಮ ನಡೆಸುವ ಚೀಟಿಗೆ ಟೀಚರೂ ಸೇರಿಕೊಂಡಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಫೋನ್ ಇಟ್ಟು ವಾರ್ಡಿಗೆ ಓಡಿದೆ. ಟೀಚರ ಕಣ್ಣುಗಳು ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಮುಖ್ಯ ಡಾಕ್ಟರು ರಿಪೋರ್ಟು ತಿರುವಿ ಹಾಕುತ್ತಾ, "ಕ್ಯಾನ್ಸರ್ ಲಿವರಿಗೆ ಹೋಗಿದೆ. ಬಿಳಿ ಕಣ ನೋಡಿದರೆ ಮೂಳೆಯ ಮಜ್ಜೆಗೂ ಹೋದ ಹಾಗಿದೆ. ಮನೆಯವರಿಗೆ ಹೇಳಿಬಿಡೋಣ, ಸುಮ್ಮನೆ ಯಾಕೆ ಎಳೆದಾಡೋದು" ಎಂದರು.

"ಸ್ಕ್ಯಾನಿನಲ್ಲಿ ಗಂಟೇನೂ ಕಾಣ್ತಿಲ್ಲವಲ್ಲ ಸಾರ್?"

"ಸಣ್ಣವಿದ್ದರೆ ಕಾಣಲ್ಲ. ನೀವು ಆಫೀಸು ನೋಡಿಕೊಳ್ಳಿ."

ಹೊರಗೆ ಟೀಚರ ಗಂಡ ಗೋಡೆಗೆ ಒರಗಿ ನಿಂತಿದ್ದರು. ಮರುದಿನ ಅವರನ್ನು ಕೂರಿಸಿಕೊಂಡು, "ಮನೆಗೆ ಕರೆದುಕೊಂಡು ಹೋಗಿ, ಬೇಕಾದವರನ್ನು ಕರೆಸಿ" ಎಂದು ಹೇಳುವುದೆಂದು ತೀರ್ಮಾನವಾಯಿತು. ನನಗೆ ಸಮಾಧಾನವಾಗಲಿಲ್ಲ. ಗುಳಿಗೆಯ ತೊಂದರೆಯಾಗಿದ್ದರೆ ನಿಲ್ಲಿಸಿ ಸರಿಯಾದ ಚಿಕಿತ್ಸೆ ಕೊಟ್ಟರೆ ಬದುಕುವ ಜೀವ. ರೋಗವೇ ಹಬ್ಬಿದೆ ಎಂದುಕೊಂಡು ಮನೆಗೆ ಕಳಿಸಿದರೆ ಆ ಜ್ವರದಲ್ಲೇ ಹೋಗಿಬಿಡುತ್ತಾರೆ. ಸಿಸ್ಟರನ್ನು ಜೊತೆಗೆ ಕರೆದುಕೊಂಡು ಹಾಸಿಗೆಯ ಹತ್ತಿರ ಹೋಗಿ ಕೇಳಿದೆ, "ಟೀಚರೇ, ಬೇರೆ ಯಾವುದಾದರೂ ಗುಳಿಗೆ ತಗೊಂಡಿದ್ದೀರಾ? ಸತ್ಯ ಹೇಳಿ."

ಟೀಚರು ಮೊದಲು ಸಿಸ್ಟರ್ ಮುಖ ನೋಡಿದರು. ಆಮೇಲೆ, "ಇಲ್ರಿ ಮೇಡಂ. ನಂದು ಹಳೇದು ಏನೈತಿ, ಅಷ್ಟ" ಎಂದರು.

ಆ ನೋಟ ನನ್ನನ್ನು ಕೊರೆಯಿತು. ಆಫೀಸಿಗೆ ಬಂದು ಬಾಗಿಲು ಹಾಕಿ ಸಿಸ್ಟರನ್ನು ಕೇಳಿದೆ, "ಲೇ, ಏನಾದ್ರೂ ಗೊತ್ತಿದ್ರೆ ಈಗ ಹೇಳು. ಆಯಮ್ಮ ಸಾಯ್ತಾರೆ."

"ಕಪಾಟಿನ ಕೀಲಿ ನಿಮ್ಮ ಹತ್ರ, ನನ್ನ ಹತ್ರ. ಆಕಿಗೆಲ್ಲಿಂದ ಸಿಗ್ತಾವ್ರಿ ಅಕ್ಕಾ ಆ ಗುಳಿಗಿ?"

"ಅದನ್ನೇ ಕೇಳ್ತಿರೋದು."

"ನನ್ನ ಮಕ್ಕಳ ಮ್ಯಾಲ ಆಣಿರಿ. ನನಗೇನೂ ಗೊತ್ತಿಲ್ಲ."

ಮಕ್ಕಳ ಮೇಲೆ ಆಣೆ ಇಟ್ಟವಳನ್ನು ಇನ್ನೇನು ಕೇಳುವುದು? ಅನುಮಾನಪಟ್ಟದ್ದಕ್ಕೆ ನನಗೇ ನಾಚಿಕೆಯಾಯಿತು. ಅವಳ ಬೆನ್ನು ಸವರಿ ಮನೆಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಸ್ಕೂಟಿ ನಿಲ್ಲಿಸುತ್ತಿದ್ದೇನೆ, ಅಲ್ಲೇ ಪಕ್ಕದಲ್ಲಿ ಉಜ್ಜಿನಿಯ ಅಮ್ಮ ನಿಂತಿದ್ದಾರೆ. ಅವತ್ತು ಅವರು ಬರಬೇಕಾದ ದಿನವಲ್ಲ. ಸಿಸ್ಟರ್ ಆ ಅಮ್ಮನ ರಟ್ಟೆ ಹಿಡಿದು ಬಸ್ ನಿಲ್ಲುವ ಕಡೆಗೆ ತಿರುಗಿಸುತ್ತಿದ್ದಾಳೆ. ನನ್ನನ್ನು ಕಂಡವಳೇ ಕೈಬಿಟ್ಟಳು. "ಪಾಳಿ ಇಲ್ಲದ ದಿನ ಬಂದಾರ್ರಿ ಅಕ್ಕಾ, ಹೊಳ್ಳಿ ಹೋಗ್ರಿ ಅಂತ ಹೇಳಾಕತ್ತಿದ್ದೆ" ಎಂದಳು. ನಾನು ಅಮ್ಮನನ್ನು ಒಳಗೆ ಕರೆದುಕೊಂಡು ಹೋದೆ. ಸಿಸ್ಟರಿಗೆ ಹೊರಗೇ ಇರಲು ಹೇಳಿದೆ.

ಕುರ್ಚಿ ತೋರಿಸಿದರೂ ಅಮ್ಮ ಕೂರಲಿಲ್ಲ. "ಯವ್ವಾ, ಟೀಚರಮ್ಮ ಉಳೀತಾಳೇನ್ರಿ? ಆಕಿ ಗಂಡ ಫೋನ್ ಹಚ್ಚಿ ಅತ್ತ."

"ನೀವು ಏನು ಗೊತ್ತೋ ಅದನ್ನ ಹೇಳಿದ್ರೆ ಉಳಿಯಬಹುದು ಅಮ್ಮ."

ಅಮ್ಮ ಒಂದೇ ಉಸಿರಿಗೆ ಹೇಳಿಬಿಟ್ಟರು. "ಒಂದು ತಿಂಗಳ ನಾನು ನುಂಗ್ತಿದ್ನಿ, ಒಂದು ತಿಂಗಳ ಆಕಿ. ನಮ್ಮ ಚೀಟ್ಯಾಗ ಹಂಗ ಐತ್ರಿ. ನನ್ನ ಹೆಸರು ಎದ್ದಿರ್ತೈತಿ, ಬಾಜು ಮನಿಯಾಕಿಗೆ ಜರೂರ ಇರ್ತೈತಿ, ಆಗ ಬಿಟ್ಟುಕೊಡ್ತೀವಿ. ಬಿಟ್ಟುಕೊಡಲಾರದಾಕಿನ್ನ ಚೀಟಿಗೆ ಯಾರೂ ಸೇರಿಸಂಗಿಲ್ಲ. ಸಣ್ಣ ಮಕ್ಕಳ ತಾಯಿ ಮುಂದ ಕುಂತು ನಾನೊಬ್ಬಾಕಿನ ನುಂಗಾಕ ಆಗ್ತೈತೇನ್ರಿ? ಸಿಸ್ಟರ್ ಹೇಳಿದ್ರಲ್ಲ, ಇದೂ ಚೀಟಿ ಇದ್ದಂಗ ಅಂತ."

"ಈಗ ಎಷ್ಟು ತಗೊಂಡಿದ್ದಾರೆ?"

"ಈ ಸಲ ಆಕಿಗೆ ರಟ್ಟಿ ನೋವು ಅಂದ್ಲು. ಹೊಳ್ಳಿ ಬಂತೇನೋ ಅಂತ ಅಂಜಿದ್ವಿ. ಅದಕ್ಕ ಎರಡು ತಿಂಗಳದ್ದೂ ಆಕಿಗೇ ಬಿಟ್ನಿ. ನಡುವ ವಾರ ಬಿಡೋದೂ ಬ್ಯಾಡ, ಬಿಟ್ರ ಗುಣ ಕಡಿಮಿ ಆದೀತು ಅಂತ ನಾನ ಹೇಳಿದ್ನಿ."

ಬಿಡುವಿಲ್ಲದೆ ನುಂಗಿದ್ದಾರೆ! ಒಂದು ರಕ್ತ ಪರೀಕ್ಷೆಯೂ ಇಲ್ಲದೆ! ಗುಳಿಗೆ ಇಲ್ಲದ ಗುಂಪಿನವರಾದ್ದರಿಂದ ನಾವು ಅವರ ರಕ್ತವನ್ನು ಪದೇಪದೇ ನೋಡುತ್ತಲೇ ಇರಲಿಲ್ಲ. ಇತ್ತ ಈ ಅಮ್ಮನ ರಕ್ತ ಪ್ರತಿ ಸಲವೂ ಚೆನ್ನಾಗಿ ಬರುತ್ತಿತ್ತು. ಗುಳಿಗೆ ಎಷ್ಟು ಚೆಂದ ಒಗ್ಗಿದೆ ಎಂದು ನಾನು ಹಿಗ್ಗಿದ್ದೆ. ಥೂ!

"ಸಿಸ್ಟರಿಗೆ ಗೊತ್ತಿತ್ತಾ?" ಎಂದು ಕೇಳಿದೆ. ಅಮ್ಮ ಬಾಗಿಲ ಕಡೆ ನೋಡಿದರು.

"ಆಕಿಗೆ ಆಮ್ಯಾಲ ಗೊತ್ತಾತು. ಮೊದಲ ಬೈದ್ಲು. ಆಮ್ಯಾಲ ಆಕೀನ ಹೇಳಿದ್ಲು, ಗುಳಿಗಿ ಖಾಲಿ ಪಟ್ಟಿ ಅಷ್ಟೂ ಜೋಪಾನ ತಂದುಕೊಡ್ರಿ, ಅಕ್ಕ ಎಣಿಸ್ತಾರ ಅಂತ."

ಹೌದು, ನಾನು ಎಣಿಸುತ್ತಿದ್ದೆ. ಒಂದೊಂದೇ ಖಾಲಿ ಪಟ್ಟಿ ಎಣಿಸಿ, ಸರಿಯಾಗಿದೆ ಎಂದು ಸಹಿ ಹಾಕಿ, ಪಕ್ಕದಲ್ಲಿ ನಿಂತ ಸಿಸ್ಟರಿಗೆ ಕೊಡುತ್ತಿದ್ದೆ. ಅವಳು ಹೊಟ್ಟೆಯೊಳಗೆ ಇಷ್ಟನ್ನು ಇಟ್ಟುಕೊಂಡು ನನ್ನ ಸಹಿಯ ಕೆಳಗೆ ತನ್ನ ಸಹಿ ಹಾಕುತ್ತಿದ್ದಳು. ನನ್ನ ಕಣ್ಣಿಗೆ ಮಣ್ಣೆರಚಿದವಳು ಬೇರೆ ಯಾರೂ ಅಲ್ಲ, ನಾನೇ ಕೀಲಿ ಕೊಟ್ಟು ಕೂರಿಸಿದವಳು.

ಅಮ್ಮ ಕೈಮುಗಿದರು. "ನನ್ನ ಗುಳಿಗಿ ಮಾತ್ರ ನಿಲ್ಲಿಸಬ್ಯಾಡ್ರಿ ಯವ್ವಾ. ಇನ್ನ ಮ್ಯಾಲ ಯಾರಿಗೂ ಕೊಡಂಗಿಲ್ಲ."

"ನೋಡ್ತೀನಮ್ಮ" ಎಂದು ವಾರ್ಡಿಗೆ ಓಡಿದೆ.

ಮುಖ್ಯ ಡಾಕ್ಟರು ಆಗಲೇ ಟೀಚರ ಗಂಡನನ್ನು ಎದುರಿಗೆ ಕೂರಿಸಿಕೊಂಡಿದ್ದರು. ನಾನು ನಡುವೆ ನುಗ್ಗಿ ಡಾಕ್ಟರನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಒಂದು ಮಾತು ಒಪ್ಪಬೇಕು, ಡಾಕ್ಟರು ಆ ಕ್ಷಣ ತಡಮಾಡಲಿಲ್ಲ. ಬಿಳಿ ಕಣ ಏರಿಸುವ ಇಂಜೆಕ್ಷನ್ನು, ಸೋಂಕಿಗೆ ಬಲವಾದ ಔಷಧಿ, ಪ್ರತ್ಯೇಕ ಕೋಣೆ, ಎಲ್ಲ ಆಗಿಂದಾಗಲೇ ಆಯಿತು. ಟೀಚರು ಮನೆಗೆ ಹೋಗಲಿಲ್ಲ. ಗಂಡ ಏನಾಯಿತೆಂದು ತಿಳಿಯದೆ ಎಲ್ಲರಿಗೂ ಕೈಮುಗಿಯುತ್ತಾ ನಿಂತಿದ್ದರು.

ಮಧ್ಯಾಹ್ನ ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಟ್ರಯಲ್‌ನಲ್ಲಿ ಇಂಥ ಗಂಭೀರ ತೊಂದರೆಯಾದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಕಂಪನಿಗೆ, ಸರ್ಕಾರಕ್ಕೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೆ ವರದಿ ಹೋಗಬೇಕು. ಅವರು ಆ ವರದಿಯ ಮಾತನ್ನೇ ತೆಗೆದರು.

"ವೈರಲ್ ಕಾಮಾಲೆ ಅಂತ ಬರೆಯೋಣ."

"ಸಾರ್!"

"ನೀವು ನಿಜ ಬರೆದರೆ ಏನಾಗುತ್ತೆ ಗೊತ್ತಲ್ಲ? ಟ್ರಯಲ್ ನಿಲ್ಲಿಸ್ತಾರೆ. ಐದು ತಾಲ್ಲೂಕಿನ ಹೆಂಗಸರಿಗೆ ಈ ಔಷಧಿ ಬೇರೆಲ್ಲಿ ಸಿಗುತ್ತೆ? ಆ ಉಜ್ಜಿನಿಯಾಕೆ ಕಥೆ ಏನು? ಟೀಚರು ಹೇಗೂ ಬದುಕ್ತಾರೆ. ಯಾರಿಗೇನು ನಷ್ಟ?"

ಮಾತಿನಲ್ಲಿ ಹುರುಳಿತ್ತು. ಅದೇ ನನ್ನನ್ನು ಸುಟ್ಟದ್ದು. ಆಫೀಸಿಗೆ ಬಂದು ಖಾಲಿ ವರದಿಯ ಮುಂದೆ ಕುಳಿತೆ. ನಮ್ಮಲ್ಲಿ ಎಲ್ಲರಿಗೂ ಅದೇ ಚೀಟಿಯ ಮಾತು ಹೇಳಿದ್ದೇವೆ. ಹಾಗಾದರೆ ಬಿಟ್ಟುಕೊಟ್ಟವರು ಇನ್ನೆಷ್ಟು ಜನ? ಯಾವ ಮನೆಯಲ್ಲಿ ಯಾವ ಹೆಂಗಸು ಪರೀಕ್ಷೆಯಿಲ್ಲದೆ ನುಂಗುತ್ತಾ ಕೂತಿದ್ದಾಳೆ? ಕಾಮಾಲೆ ಎಂದು ಬರೆದುಬಿಟ್ಟರೆ ಅವರನ್ನು ಕೇಳಲು ನನಗೆ ಕಾರಣವೇ ಉಳಿಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಡಾಕ್ಟರ ಮುಂದಿಟ್ಟೆ. ಮುಖ ಕೊಟ್ಟು ನೋಡದೆ ಸಹಿ ಹಾಕಿದರು. ಇವತ್ತು ಅದೇ ಸಂದರ್ಭ ಬಂದರೂ ನಾನು ಅದನ್ನೇ ಬರೆಯುತ್ತೇನೆ.

ಆಮೇಲೆ ಸಿಸ್ಟರನ್ನು ಕರೆದೆ. "ಮಕ್ಕಳ ಮೇಲೆ ಆಣೆ ಮಾಡಿದೆಯಲ್ಲೇ" ಎಂದೆ.

"ಮಾಡಿದ್ನಿ. ಇದು ಗುಳಿಗಿಯಿಂದ ಆಗೈತಂತ ತಿಳೀಲಿಲ್ಲ. ಡಾಕ್ಟರ ರೋಗ ಹಬ್ಬೈತಿ ಅಂದ್ರು, ನಾನೂ ಹಂಗ ಅನ್ಕೊಂಡ್ನಿ."

"ಮೊದಲೇ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರ ಉಜ್ಜಿನಿ ಅಮ್ಮನ್ನ ಹೊರಗ ಹಾಕ್ತಿದ್ರಿ. ಹೌದೋ ಅಲ್ಲೋ ಅಕ್ಕಾ?"

"ಅಕ್ಕ ಅನ್ನಬೇಡ."

ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳು. ಆಡಳಿತದವರು ಅವಳನ್ನು ಜನರಲ್ ವಾರ್ಡಿಗೆ ವಾಪಸು ಹಾಕಿದರು, ಅಷ್ಟೇ. ಈಗ ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ದಾಟುತ್ತೇವೆ.

ಹೊಸಬರನ್ನು ಸೇರಿಸುವುದು ನಿಂತಿತು. ನಾನು ವ್ಯಾನಿನಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ, ಗುಳಿಗೆ ಪಡೆದ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದೆ. ಮೈಲಾರದ ಕಡೆಯ ಒಬ್ಬಾಕೆ ನನ್ನ ಪ್ರಶ್ನೆಗೆ ಬಿದ್ದು ಬಿದ್ದು ನಕ್ಕಳು. "ನನ್ನ ಸೊಸಿಗೆ ಒಂದು ಕಪ್ ಚಾ ಬಿಟ್ಟುಕೊಡಲ್ರಿ ನಾನು, ಗುಳಿಗಿ ಕೊಡ್ತೀನಾ?" ಎಂದಳು. ಹರಪನಹಳ್ಳಿಯಲ್ಲಿ ಮಾತ್ರ ಒಬ್ಬಾಕೆ ತಲೆತಗ್ಗಿಸಿದಳು. ಅವಳ ಗುಳಿಗೆ ಅದೇ ರೋಗದ ನಾದಿನಿಯ ಮನೆಗೆ ಹೋಗುತ್ತಿತ್ತು. ಆ ನಾದಿನಿಯ ರಕ್ತವನ್ನು ಅವತ್ತೇ ತೆಗೆಸಿದೆ. ಬಿಳಿ ಕಣ ಆಗಲೇ ಇಳಿಯತೊಡಗಿದ್ದವು. ಗುಳಿಗೆ ನಿಲ್ಲಿಸಿ ಸರಿಮಾಡಿದೆವು. ಕಾಮಾಲೆ ಎಂದು ಬರೆದಿದ್ದರೆ ಆ ಬಾಗಿಲನ್ನು ನಾನು ತಟ್ಟುತ್ತಲೇ ಇರಲಿಲ್ಲ.

ಸುತ್ತು ಮುಗಿಸಿ ಬರುವಷ್ಟರಲ್ಲಿ ಎಥಿಕ್ಸ್ ಕಮಿಟಿಗೆ ಮುಖ್ಯ ಡಾಕ್ಟರ ಪತ್ರ ಹೋಗಿತ್ತು. ಚೀಟಿಯ ವಿವರಣೆ ಟ್ರಯಲ್ ಆಫೀಸಿನವರು ತಾವೇ ಮಾಡಿಕೊಂಡದ್ದು, ತಮ್ಮ ಗಮನಕ್ಕೆ ತಂದಿರಲಿಲ್ಲ, ಎಂದು. ಓದಿ ನನಗೆ ನಗು ಬಂತು. ಒಪ್ಪಿಗೆ ಪಡೆಯುವಾಗ ವಿಡಿಯೋ ಮಾಡುವುದು ನಮ್ಮಲ್ಲಿ ಪದ್ಧತಿ. ಅದರಲ್ಲಿ ಡಬ್ಬಿಯಿಂದ ಚೀಟಿ ಎತ್ತುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸುತ್ತಿರುವವರು ಅವರೇ. ಕಮಿಟಿಗೆ ಹಾಗೆಂದು ತಿಳಿಸಿದೆ. ಆಫೀಸು ಉಳಿಯಿತು, ನನ್ನ ಕುರ್ಚಿಯೂ ಉಳಿಯಿತು, ಅವರ ಕುರ್ಚಿಯೂ ಉಳಿಯಿತು. ವಿವರಣೆಯನ್ನು ಬದಲಿಸಿ ಎಂದು ಆದೇಶ ಬಂತು. ಡಾಕ್ಟರು ದಿನಾ ನಮಸ್ಕಾರ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಕಂಪನಿಯ ಉತ್ತರ ಕೊನೆಗೆ ಬಂತು. ಉಜ್ಜಿನಿಯ ಅಮ್ಮನನ್ನು ಟ್ರಯಲ್‌ನಿಂದ ತೆಗೆಯುವುದು, ಉಳಿದ ಗುಳಿಗೆ ವಾಪಸು ಪಡೆಯುವುದು. ತಾವಾಗಿಯೇ ಬಂದು ಸತ್ಯ ಹೇಳಿದವರು, ಅವರಿಂದಲೇ ಇಬ್ಬರ ಜೀವ ಉಳಿದದ್ದು, ಮುಂದುವರಿಸಿ ಎಂದು ಬರೆದೆ. ಆಗುವುದಿಲ್ಲ ಎಂದರು. ಮತ್ತೆ ಬರೆದೆ. ಅದಕ್ಕೆ ಉತ್ತರವನ್ನೂ ಕೊಡಲಿಲ್ಲ.

ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ, ನಾನೇ ಉಜ್ಜಿನಿಗೆ ಹೋದೆ. ಅಮ್ಮ ಅಂಗಡಿಯಲ್ಲಿ ಕರ್ಪೂರದ ಪೊಟ್ಟಣ ಕಟ್ಟುತ್ತಿದ್ದರು. ನನ್ನನ್ನು ಕಂಡು ದಡಬಡಿಸಿ ಎದ್ದು, ಸೆರಗಿನಿಂದ ಸ್ಟೂಲು ಒರೆಸಿದರು.

"ಬರ್ರಿ ಯವ್ವಾ, ಕುಂದರ್ರಿ. ಟೀಚರಮ್ಮ ಹೆಂಗದಾಳ?"

"ಶಾಲೆಗೆ ಹೋಗ್ತಿದ್ದಾರೆ."

"ನಿನ್ನಿ ಫೋನ್ ಮಾಡಿದ್ಲು, ನಿಮ್ಮ ಬಾಯಿಂದ ಕೇಳಬೇಕಂತ ಕೇಳಿದ್ನಿ" ಎಂದು ನಕ್ಕರು. ಕುಡಿಯಲು ನೀರು ಕೊಟ್ಟರು. ಕುಡಿದು, ಬಂದ ಕಾರಣ ಹೇಳಿದೆ. ಹಳೆಯ ಗುಳಿಗೆ ನಿಲ್ಲುವುದಿಲ್ಲ, ತಪಾಸಣೆ ನಿಲ್ಲುವುದಿಲ್ಲ, ನಾನು ಎರಡು ಸಲ ಬರೆದೆ, ಎಲ್ಲವನ್ನೂ ಹೇಳಿದೆ. ಅವರ ಕೈ ಪೊಟ್ಟಣದ ಮೇಲೆ ಹಾಗೇ ನಿಂತಿತು.

"ಟೀಚರಮ್ಮನ್ನ?"

"ಅವರಿಗೆ ಟ್ರಯಲ್ ಔಷಧಿ ಮೊದಲೇ ಇರಲಿಲ್ಲವಲ್ಲಮ್ಮ."

"ಹೌದಲ್ಲ. ನಂದ ಇತ್ತು" ಎಂದರು. ಒಳಗೆ ಹೋಗಿ ಪೆಟ್ಟಿಗೆಯನ್ನು ತಂದು ನನ್ನ ಕೈಗಿಟ್ಟರು. ಲೆಕ್ಕಕ್ಕೆ ಒಂದು ಗುಳಿಗೆಯೂ ಕಡಿಮೆ ಇರಲಿಲ್ಲ. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದಿನಿಂದ ಅವರ ಮಾತು ಕೇಳಿಸಿತು.

"ಸಿಸ್ಟರ್ ಅಂದಿದ್ಲು ಯವ್ವಾ, ಅಕ್ಕನ ಮುಂದ ಬಾಯಿ ಬಿಡಬ್ಯಾಡ್ರಿ, ನಿಮ್ಮನ್ನ ತೆಗದು ಹಾಕ್ತಾರ ಅಂತ. ನಾನ ಆಕಿಗೆ ಬೈದಿದ್ನಿ. ಸುಮ್ನಿರ ತಾಯಿ, ಅವರು ಅಂಥವರಲ್ಲ ಅಂತ."